ಅಕ್ಕ ಕಳಿಸಿದ ಕರೆಂಟ್ ಗಾಡಿ

ಕ್ವಾಂಡಾಂಗ್ ಬೋರ್, ದಕ್ಷಿಣ ಆಸ್ಟ್ರೇಲಿಯ
14 ನವೆಂಬರ್ 2023

ಎನಿಡ್ ಅಕ್ಕ,

ನಿನ್ನ ಗಾಡಿ ಬಂತು ಕಣೇ. ಬೇಲಿ ತಂತಿ ಸುರುಳಿ, ಕುರಿ ಔಷಧಿ ಡಬ್ಬ, ವ್ಯಾಲ್ ಪಬ್ಬಿನ ಬಿಯರ್ ಪೀಪಾಯಿ, ಇವುಗಳ ಮಧ್ಯೆ ಲಾರಿ ಮೇಲೆ ರಾಣಿ ಥರ ಕೂತ್ಕೊಂಡು ಬಂತು. ಇಳಿಸೋವಾಗ ಊರಿಗೆ ಊರೇ ನೆರೆದಿತ್ತು. ಊರಿಗೆ ಊರೇ ಅಂದ್ರೆ ಹನ್ನೊಂದು ಜನ, ಎರಡು ನಾಯಿ. ಪಕ್ಕದ ಕುರಿ ಫಾರ್ಮಿನ ಡಾರ್ಸಿ ಬಾನೆಟ್ ಎತ್ತಿ ನೋಡಿ, "ಸಿರಿಲ್, ನಿಮ್ಮಕ್ಕ ಎಂಜಿನ್ ಹಾಕೋದೇ ಮರ್ತಿದಾಳಲ್ಲೋ" ಅಂದ. "ಹಾಕಿದಾಳೆ, ನಿನ್ನ ಮಿದುಳಿನಷ್ಟು ಸಣ್ಣದು, ಕಾಣ್ಸಲ್ಲ" ಅಂದೆ.

ತಮಾಷೆ ಇರ್ಲಿ. ಅಕ್ಟೋಬರಲ್ಲಿ ನನ್ನ ಡೀಸೆಲ್ ಪಿಕಪ್ ಕಣ್ಣು ಮುಚ್ಚಿದಾಗಿಂದ ಡಾರ್ಸಿ ಗಾಡಿ ಎರವಲು ತಂದು ಓಡಿಸ್ತಿದ್ದೆ, ನನಗೆ ನಿದ್ದೆ ಇರ್ಲಿಲ್ಲ. ಲೋರ್ನಾ ಕಿಡ್ನಿಗಳು ಕೆಲಸಕ್ಕೆ ರಾಜೀನಾಮೆ ಕೊಟ್ಟು ಎರಡು ವರ್ಷ. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಪೋರ್ಟ್ ಮೆರೆಡಿತ್ ಆಸ್ಪತ್ರೆ ಇಲ್ಲಿಂದ ನೂರ ತೊಂಬತ್ತು ಕಿಲೋಮೀಟರ್. ನೂರನೇ ಕಿಲೋಮೀಟರಲ್ಲಿ ಒಂದು ಪೆಟ್ರೋಲ್ ಬಂಕು, ಉಳಿದದ್ದೆಲ್ಲ ಕಲ್ಲು, ಪೊದೆ, ಕಾಂಗರೂ. ನನ್ನ ಹೆಂಡತಿ ಬದುಕಿರೋದು ಆ ರಸ್ತೆ ಮೇಲೆ ಅಂದ್ರೆ ಸುಳ್ಳಲ್ಲ. ಅಂಥಾ ಹೊತ್ತಲ್ಲಿ ನಿನ್ನ ಗಾಡಿನೇ ಕೊಟ್ಟು ಕಳಿಸಿದೀಯ. ಏನು ಹೇಳ್ಬೇಕು ಅಂತ ಗೊತ್ತಾಗ್ದೆ ಇಷ್ಟುದ್ದ ಬರೀತಿದೀನಿ.

ಫೋನ್ ಮಾಡೋಣ ಅಂದ್ರೆ ಗಾಳಿ ಎದ್ದ ದಿನ ಇಲ್ಲಿ ಲೈನು ಸತ್ತಿರುತ್ತೆ, ಲೈನಿದ್ದ ದಿನ ನಿನ್ನ ಕಿವಿ ಕೇಳಲ್ಲ. ಅಮ್ಮ ಕಲಿಸಿದ ಕಾಗದವೇ ಗತಿ.

ಇಂತೀ ತಮ್ಮ,
ಸಿರಿಲ್

ವಿ.ಸೂ.: ಎಲೆಕ್ಟ್ರಿಕ್ ಅಂತಾರಲ್ಲ, ಒಳಗೆ ಕೂತು ನೋಡಿದ್ರೆ ಎಲ್ಲಾ ಟ್ರಿಕ್ಕು. ವೈಪರ್ ಎಲ್ಲಿದೆ ಅಂತ ಹುಡುಕೋಕೆ ಅರ್ಧ ದಿನ ಹಿಡೀತು. ಮಳೆ ಬರಲ್ಲ ಬಿಡು.


ಹೋಬಾರ್ಟ್, ಟ್ಯಾಸ್ಮೇನಿಯ
27 ನವೆಂಬರ್ 2023

ಲೋ ಸಿರಿಲ್,

ಅದರಲ್ಲಿ ಹೇಳೋಕೇನೂ ಇಲ್ಲ. ನನಗೆ ಹೊಸದು ತಗೊಳ್ಳೋ ಹುಚ್ಚು ಬಂತು, ತಗೊಂಡೆ. ನೀಲಿ ಬಣ್ಣ. ಹಳೇದು ಗ್ಯಾರೇಜಲ್ಲಿ ಧೂಳು ತಿಂತಿತ್ತು, ನಿನಗೆ ಕಳಿಸ್ದೆ. ಅಷ್ಟೇ.

ಅದನ್ನ ನೋಡ್ಕೊಳ್ಳೋದು ಸುಲಭ. ಮಲಗೋ ಮುಂಚೆ ಪ್ಲಗ್ ಚುಚ್ಚು, ಬೆಳಿಗ್ಗೆ ಹೊಟ್ಟೆ ತುಂಬಿರುತ್ತೆ. ಆರು ವರ್ಷ ಅಂಗಡಿಗೆ, ಚರ್ಚಿಗೆ, ಲೈಬ್ರರಿಗೆ ಹೋಗಿ ಬಂದಿದೀನಿ, ಒಂದಿನ ಕೈ ಕೊಟ್ಟಿಲ್ಲ. ಎಣ್ಣೆ ಇಲ್ಲ, ಹೊಗೆ ಇಲ್ಲ, ಸದ್ದಿಲ್ಲ. ನಿನ್ನ ಥರ ಅಲ್ಲ.

ಚೆರಿ ಹಣ್ಣಿನ ಜಾಮ್ ಎರಡು ಬಾಟ್ಲಿ ಕಳಿಸಿದೀನಿ. ಲೋರ್ನಾ ತಿನ್ನಬಹುದೋ ಇಲ್ವೋ ಅಂತ ನರ್ಸನ್ನ ಕೇಳು, ನೀನೇ ತೀರ್ಮಾನ ಮಾಡಿ ಖಾಲಿ ಮಾಡ್ಬೇಡ. ಅವಳಿಗೆ ಒಂದೇ ಒಂದು ಸಲ ಆಸ್ಪತ್ರೆ ತಪ್ಪಿದ್ರೂ ನಿನ್ನ ಕಿವಿ ನನ್ನ ಕೈಲಿರುತ್ತೆ.

ನಿನ್ನಕ್ಕ,
ಎನಿಡ್


ಕ್ವಾಂಡಾಂಗ್ ಬೋರ್
15 ಡಿಸೆಂಬರ್ 2023

ಅಕ್ಕ,

ಮೊದಲ ತಿಂಗಳ ವರದಿ ಒಪ್ಪಿಸ್ತಿದೀನಿ.

ಬೆಳಿಗ್ಗೆ ಪರದೆ ಮೇಲೆ ಇನ್ನೂರ ನಲವತ್ತು ಕಿಲೋಮೀಟರ್ ಹೋಗ್ತೀನಿ ಅಂತ ಬರೆದಿರುತ್ತೆ. ಎಸಿ ಹಾಕಿದ ಕೂಡ್ಲೆ ಇನ್ನೂರ ಹತ್ತು. ಎದುರುಗಾಳಿ ಸಿಕ್ಕರೆ ನೂರ ಎಂಬತ್ತು. ಅಷ್ಟೊತ್ತಿಗೆ ನಾವಿನ್ನೂ ಡಾರ್ಸಿ ಬೇಲಿ ದಾಟಿರಲ್ಲ. ಇದನ್ನ ರೇಂಜು ಅಂತಾರಂತೆ. ನಾನು ರೇಜಿಗೆ ಅಂತೀನಿ.

ಅದಕ್ಕೆ ಎಸಿ ಆರಿಸಿ, ಕಿಟಕಿ ತೆಗೆದು, ಲೋರ್ನಾ ತಲೆಗೆ ಒದ್ದೆ ಟವಲ್ ಸುತ್ತಿ, ಎಪ್ಪತ್ತರ ವೇಗದಲ್ಲಿ ಹೋಗ್ತೀವಿ. ಹಿಂದೆ ಮೂರು ಟ್ರೇಲರ್ ಎಳ್ಕೊಂಡು ಬರೋ ಲಾರಿಗಳು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾಗ್ತವೆ. ಮಧ್ಯದ ಬಂಕಲ್ಲಿ ಒಂದು ಚಾರ್ಜರ್ ಇದೆ. ಒಂದೇ ಒಂದು. ಅದಕ್ಕೆ ದುಡ್ಡು ಕಟ್ಟೋಕೆ ಫೋನಲ್ಲಿ ಆಪ್ ಬೇಕು, ಆಪ್‌ಗೆ ಸಿಗ್ನಲ್ ಬೇಕು, ಸಿಗ್ನಲ್‌ಗೆ ಬಂಕಿನ ಹಿಂದಿನ ಗುಡ್ಡ ಹತ್ತಬೇಕು. ನಾನು ಇಳಿಯೋಷ್ಟರಲ್ಲಿ ಆಪ್ ನಿದ್ದೆ ಹೋಗಿರುತ್ತೆ, ಮತ್ತೆ ಹತ್ತಬೇಕು. ಐದು ನಿಮಿಷಕ್ಕೆ ಡೀಸೆಲ್ ಹಾಕಿಸ್ಕೊಂಡು ಹೋಗೋ ಡ್ರೈವರ್‌ಗಳು, ಒಂದು ಗಂಟೆಯಿಂದ ಅಲ್ಲೇ ಕೂತಿರೋ ನನ್ನ ನೋಡಿ, "ಏನ್ ತಾತ, ಮೊಟ್ಟೆ ಇಟ್ಟಾಯ್ತಾ?" ಅಂತಾರೆ. ಮುಂಚೆ ನಾಲ್ಕಕ್ಕೆ ಮನೆಗೆ ಬರ್ತಿದ್ವಿ, ಈಗ ಏಳಾಗುತ್ತೆ.

ಸ್ಟೆಪ್ನಿ ಎಲ್ಲಿ ಅಂತ ಹುಡುಕ್ದೆ. ಡಿಕ್ಕಿಯಲ್ಲಿ ಒಂದು ಅಂಟಿನ ಡಬ್ಬಿ, ಒಂದು ಪುಟ್ಟ ಪಂಪು ಇದೆ. ನಮ್ಮ ರಸ್ತೆ ಕಲ್ಲಿಗೆ ಟೈರ್ ಸೀಳಿದ್ರೆ ಅಂಟು ಹಚ್ಚಿ ಊದ್ಬೇಕಂತೆ, ಬಲೂನ್ ಥರ.

ಹೆದರ್ಬೇಡ, ಎಲ್ಲಾ ಸರಿ ಇದೆ. ಒಂದು ಮಜಾ ಹೇಳ್ತೀನಿ ಕೇಳು. ಪಬ್ಬಿನ ಗೋಡೆ ಮೇಲಿರೋ ಕರಿಹಲಗೆ ನೆನಪಿದೆಯಾ, ಅಪ್ಪನ ಕಾಲದ್ದು? ಊರು ಬಿಡೋರು ಹೆಸರು, ಹೊರಟ ಹೊತ್ತು, ತಲುಪೋ ಹೊತ್ತು ಬರೆದು ಹೋಗ್ಬೇಕು. ತಲುಪಿ ಫೋನ್ ಮಾಡಿದ್ರೆ ವ್ಯಾಲ್ ಅಳಿಸ್ತಾಳೆ. ಅಳಿಸದೇ ಉಳಿದ್ರೆ ಯಾರಾದ್ರೂ ನೀರು, ಹಗ್ಗ, ಒಂದು ಕ್ಯಾನ್ ಡೀಸೆಲ್ ಹಾಕ್ಕೊಂಡು ಹುಡುಕ್ಕೊಂಡು ಬರ್ತಾರೆ. ಹೋದ ತಿಂಗಳ ಕೊನೇ ಶನಿವಾರ ನಾನು "ಸಿರಿಲ್, ಎಂಟಕ್ಕೆ ಹೊರಟ, ಹನ್ನೊಂದಕ್ಕೆ ವಾಪಸ್" ಅಂತ ಬರೆದು, ಗಾಡಿನ ನಮ್ಮ ಶೆಡ್ಡಲ್ಲಿ ಬಚ್ಚಿಟ್ಟು, ಪಬ್ಬಿನ ನೀರಿನ ಟ್ಯಾಂಕ್ ಹಿಂದೆ ಸ್ಯಾಂಡ್‌ವಿಚ್ ತಿಂತಾ ಕೂತೆ. ಹನ್ನೆರಡಕ್ಕೆ ಮೂರು ಪಿಕಪ್ ನನ್ನ ಹುಡುಕೋಕೆ ಹೊರಟ್ವು. ನಾನು ಎದ್ದು ನಿಂತು ಅವರಿಗೆ ಟಾಟಾ ಮಾಡ್ದೆ. ವ್ಯಾಲ್ ಒಂದು ವಾರ ಮಾತಾಡ್ಲಿಲ್ಲ. ಲೋರ್ನಾ ಎರಡು ವಾರ.

ಒಟ್ಟಿನಲ್ಲಿ ನಿನ್ನದು ದೂರ ಹೋಗೋ ಗಾಡಿ ಅಲ್ಲ, ದೂರು ಹೇಳಿಸೋ ಗಾಡಿ. ಆದ್ರೂ ನನಗೆ ಇಷ್ಟ.

ಸಿರಿಲ್


ಹೋಬಾರ್ಟ್
3 ಜನವರಿ 2024

ಸಿರಿಲ್,

ಹೊಸ ವರ್ಷದ ಶುಭಾಶಯ ಇಬ್ಬರಿಗೂ. ಅಂಗಡಿಯಲ್ಲಿ ಈ ದಪ್ಪ ಕರೀ ಪೆನ್ನೇ ಇದ್ದದ್ದು, ಅದಕ್ಕೆ ಅಕ್ಷರ ದೊಡ್ಡದಾಗಿದೆ. ಒಂದು ಪುಟಕ್ಕೆ ಆರು ಸಾಲು ಹಿಡಿಸುತ್ತೆ. ನಿನ್ನದು ಇರುವೆ ಸಾಲು. ಔಷಧಿ ಚೀಟಿ ಹಿಂದೆ, ರಟ್ಟಿನ ಚೂರಲ್ಲಿ, ಅಂಚಲ್ಲೆಲ್ಲ ಬರೀತೀಯ. ಕಾಗದ ಉಳಿಸಿ ಯಾವ ಅರಮನೆ ಕಟ್ಟಿಸ್ಬೇಕು? ದೊಡ್ಡದಾಗಿ ಬರಿ.

ಗಾಡಿ ಇಷ್ಟ ಅಂತ ಬರೆದಿದೀಯಲ್ಲ, ಅದು ಸಾಕು ನನಗೆ. ಲೋರ್ನಾ ಚೆನ್ನಾಗಿ ಹೋಗಿ ಬರ್ತಿದಾಳೆ ಅಂತ ನೆಮ್ಮದಿಯಾಗಿದೀನಿ. ನನ್ನ ನೀಲಿ ಗಾಡಿನೂ ಚೆನ್ನಾಗಿದೆ. ನಿನ್ನೆ ಸಮುದ್ರದ ತನಕ ಹೋಗಿ ಬಂದೆ.

ಎನಿಡ್


ಕ್ವಾಂಡಾಂಗ್ ಬೋರ್
6 ಫೆಬ್ರವರಿ 2024

ಅಕ್ಕ,

ನಿನ್ನ ಕಾಗದ ಓದಿದ್ರೆ ನೀನು ಬೆಟ್ಟದ ಮೇಲೆ ನಿಂತು ಕೂಗ್ತಿದೀಯೇನೋ ಅನ್ಸುತ್ತೆ. ನನ್ನ ಕಿವಿ ಚೆನ್ನಾಗಿದೆ ಕಣೇ.

ಇಲ್ಲಿ ಒಂದು ನಾಟಕ ಆಯ್ತು. ಹೋದ ಬುಧವಾರ, ನಲವತ್ತನಾಲ್ಕು ಡಿಗ್ರಿ ಬಿಸಿಲು ಅಂತ ರೇಡಿಯೋದವನು ಹೆದರಿಸಿದ್ದ. ಆರಕ್ಕೆ ಹೊರಟ್ವಿ. ಹಲಗೆ ಮೇಲೆ "ಒಂಬತ್ತೂವರೆಗೆ ತಲುಪ್ತೀವಿ" ಅಂತ ಬರೆದಿದ್ದೆ. ಮಧ್ಯದ ಬಂಕಿಗೆ ಹೋದ್ರೆ, ಬಿಳಿ ಕಾಕಟೂ ಗಿಳಿಗಳ ಒಂದು ದಂಡು ಚಾರ್ಜರ್ ಕೇಬಲ್ಲನ್ನ ಕಬ್ಬು ಜಗಿದ ಹಾಗೆ ಜಗಿದು ಬಿಸಾಕಿದ್ವು. ಬಂಕಿನವನು, "ರಿಪೇರಿಯವರು ಇನ್ನೆರಡು ವಾರ ಬಿಟ್ಟು ಬರ್ತಾರೆ, ಟೀ ಕುಡೀತೀರಾ?" ಅಂದ. ಪರದೆ ನೋಡ್ದೆ, ನೂರ ಹತ್ತು ಹೋಗ್ತೀನಿ ಅಂತಿತ್ತು. ಹೋಗ್ಬೇಕಾದ್ದು ತೊಂಬತ್ತು. ನಂಬಿದೆ.

ಎದುರುಗಾಳಿ ಎದ್ದಿತು. ಐವತ್ತು ಹೋಗಿ ನಿಂತುಬಿಡ್ತು. ಕಾರು ನಿಂತ ಮೇಲೆ ಕಾರುಬಾರೂ ನಿಂತ ಹಾಗೇ. ಎರಡು ಲಾರಿ ಬಂದ್ವು. ನಾನು ಕೈ ಬೀಸ್ದೆ. ನಮ್ಮ ಕಡೆ ಎದುರು ಸಿಕ್ಕೋರಿಗೆಲ್ಲ ಕೈ ಎತ್ತೋದು ಮರ್ಯಾದೆ ಅಲ್ವಾ, ಅವರೂ ಬೀಸಿ ಹೋದ್ರು. ಅಷ್ಟು ಪ್ರೀತಿಯಿಂದ ಯಾರೂ ನನ್ನ ಬಿಟ್ಟು ಹೋಗಿರ್ಲಿಲ್ಲ.

ಇಲ್ಲಿ ವ್ಯಾಲ್ ಒಂಬತ್ತೂವರೆಗೆ ಹಲಗೆ ನೋಡಿ, "ಸಿರಿಲ್ ತಾನೇ, ಟ್ಯಾಂಕ್ ಹಿಂದೆ ಸ್ಯಾಂಡ್‌ವಿಚ್ ತಿಂತಿರ್ತಾನೆ" ಅಂದಳಂತೆ. ಹತ್ತೂವರೆಗೆ ಎದ್ದು ಹೋಗಿ ಟ್ಯಾಂಕ್ ಹಿಂದೆ ನೋಡಿದಾಳೆ. ಆಮೇಲೆ ಡಾರ್ಸಿ ಮನೆಗೆ ಓಡಿದಾಳೆ. ಹನ್ನೆರಡಕ್ಕೆ ಕಾಲು ಗಂಟೆ ಇದ್ದಾಗ ಡಾರ್ಸಿ ಬಂದ. ಇಪ್ಪತ್ತು ಲೀಟರ್ ಡೀಸೆಲ್ ಕ್ಯಾನ್ ಹಿಡ್ಕೊಂಡು ಗಾಡಿ ಸುತ್ತ ಎರಡು ಸುತ್ತು ಹಾಕಿದ, ಮುಚ್ಚಳ ಎಲ್ಲಿದೆ ಅಂತ. ನಾನು, "ಬಾನೆಟ್ ಮೇಲೆ ಸುರಿ, ಅಭಿಷೇಕ ಆಗ್ಲಿ" ಅಂದೆ. ಅವನು ನಗ್ಲಿಲ್ಲ. ಹಗ್ಗ ಕಟ್ಟಿ ಪೋರ್ಟ್ ತನಕ ಎಳ್ಕೊಂಡು ಹೋದ. ಗಾಡಿಯಿಂದ ಸ್ವಲ್ಪ ಸುಟ್ಟ ವಾಸನೆ ಬರ್ತಿದೆ, ರೆಸ್ಟ್ ತಗೋತಿದೆ.

ಅಷ್ಟೇ ಕತೆ. ಜಾಗ ಮುಗೀತು, ಅಂಚಲ್ಲಿ ಬರೀತಿದೀನಿ. ಲೋರ್ನಾಳ ಡಯಾಲಿಸಿಸ್ ಹೊತ್ತು ತಪ್ಪಿತು. ಮೂರು ದಿನ ವಾರ್ಡಲ್ಲೇ ಇಟ್ಕೊಂಡಿದ್ರು. ಈಗ ಮನೇಲಿದಾಳೆ.

ಸಿರಿಲ್


ಹೋಬಾರ್ಟ್
14 ಫೆಬ್ರವರಿ 2024

ಸಿರಿಲ್,

ಗಿಳಿಗಳು ಕೇಬಲ್ ತಿಂದ್ವು, ಡಾರ್ಸಿ ಡೀಸೆಲ್ ತಂದ. ನಕ್ಕೂ ನಕ್ಕೂ ಟೀ ಚೆಲ್ಕೊಂಡೆ. ನಿನ್ನ ಕತೆಗಳಲ್ಲಿ ಅರ್ಧ ಸುಳ್ಳು ಅಂತ ಗೊತ್ತಿದ್ರೂ ನಗು ಬರುತ್ತೆ. ಲೋರ್ನಾಗೂ ರಸ್ತೆ ಪಕ್ಕ ಒಂದು ಪಿಕ್ನಿಕ್ ಆಯ್ತು ಬಿಡು.

ಮುಂದಿನ ಸಲ ಕತೆ ಕಟ್ಟೋವಾಗ ಒಂದು ಎಮು ಹಕ್ಕಿನೂ ಸೇರಿಸು.

ಎನಿಡ್


ಹೋಬಾರ್ಟ್
7 ಮಾರ್ಚ್ 2024

ಸಿರಿಲ್,

ಮೂರು ವಾರ ಆಯ್ತು. ಕಾಗದ ಇಲ್ಲ.

ನಾನೇನಾದ್ರೂ ತಪ್ಪಾಗಿ ಬರೆದ್ನಾ? ಬೈಯೋದಿದ್ರೆ ಬೈದು ಬರಿ. ಸುಮ್ಮನಿರ್ಬೇಡ. ನೀನು ಹುಟ್ಟಿದ ಮೇಲೆ ಮೂರು ವಾರ ಸುಮ್ಮನಿದ್ದದ್ದು ನನಗೆ ನೆನಪಿಲ್ಲ.

ಎನಿಡ್


ಕ್ವಾಂಡಾಂಗ್ ಬೋರ್
16 ಮಾರ್ಚ್ 2024, ಶನಿವಾರ

ಅಕ್ಕ,

ದೊಡ್ಡದಾಗಿ ಬರೀತಿದೀನಿ, ನೀನು ಹೇಳಿದ ಹಾಗೆ. ವ್ಯಾಲ್ ಹತ್ರ ಒಂದು ಹೊಸ ನೋಟ್‌ಬುಕ್ ತಗೊಂಡೆ.

ಅವತ್ತು ಪಿಕ್ನಿಕ್ ಆಗಿರ್ಲಿಲ್ಲ.

ಮೂರು ಗಂಟೆ ಆ ಬಿಸಿಲಲ್ಲಿ ಇದ್ವಿ. ನೀರಿತ್ತು, ಹತ್ತು ಲೀಟರ್. ಆದ್ರೆ ಲೋರ್ನಾ ಕುಡಿಯೋ ಹಾಗಿಲ್ಲ. ದಿನಕ್ಕೆ ಅರ್ಧ ಲೀಟರ್ ಲೆಕ್ಕ ಅವಳಿಗೆ. ಹೆಚ್ಚಾದ್ರೆ ಎದೆಯಲ್ಲಿ ತುಂಬ್ಕೊಳ್ಳುತ್ತೆ. ನಾನು ಮುಚ್ಚಳದಲ್ಲಿ ಹಾಕಿ ಕೊಡ್ತಿದ್ದೆ. ಅವಳು ಬಾಯಿ ಒದ್ದೆ ಮಾಡ್ಕೊಂಡು ವಾಪಸ್ ಕೊಡ್ತಿದ್ಲು. ನಾನು ಅವಳ ಮುಂದೆ ನೀರು ಕುಡಿಯೋಕಾಗ್ದೆ ಗಾಡಿ ಹಿಂದೆ ಹೋಗಿ ಕುಡಿದೆ. ಅವಳಿಗೆ ಗೊತ್ತಾಯ್ತು. "ಇಲ್ಲೇ ಕುಡಿ, ನೀನು ಬಿದ್ರೆ ನನ್ನ ಯಾರು ನೋಡ್ತಾರೆ" ಅಂದ್ಲು. ಹನ್ನೊಂದು ಗಂಟೆಗೆ ಅವಳ ಮಾತು ತೊದಲೋಕೆ ಶುರುವಾಯ್ತು. ವ್ಯಾಲ್ ಒಂದು ಗಂಟೆ ತಡ ಮಾಡಿದ್ದಕ್ಕೆ ಕಾರಣ ನಾನು. ಅದನ್ನ ಅವಳು ನನಗೆ ಒಂದು ಸಲಾನೂ ಹೇಳಿಲ್ಲ, ಲೋರ್ನಾನೂ ಹೇಳಿಲ್ಲ. ಹೇಳಿದ್ರೆ ಚೆನ್ನಾಗಿತ್ತು.

ಗಾಡಿ ಸತ್ತಿದೆ ಅಕ್ಕ. ಇಲ್ಲಿ ಯಾರ ಗಾಡಿ ನಿಂತ್ರೂ ಹಗ್ಗ ಕಟ್ಟಿ ಎಳೀತೀವಿ, ಐವತ್ತು ವರ್ಷದಿಂದ ಹಾಗೇ. ಡಾರ್ಸಿ ಲೋರ್ನಾನ ತನ್ನ ಪಕ್ಕ ಕೂರಿಸ್ಕೊಂಡ, ನಾನು ಹಿಂದೆ ಸ್ಟಿಯರಿಂಗ್ ಹಿಡಿದೆ. ನಲವತ್ತು ಕಿಲೋಮೀಟರ್ ಎಳೆದ. ಈ ಗಾಡಿನ ಚಕ್ರ ನೆಲಕ್ಕೆ ತಾಗೋ ಹಾಗೆ ಎಳೀಬಾರ್ದಂತೆ, ಪೂರ್ತಿ ಎತ್ತಿ ಲಾರಿ ಮೇಲೆ ಹಾಕ್ಬೇಕಂತೆ. ಗಾಡಿ ಜೊತೆ ನೀನು ಕಳಿಸಿದ ಪುಸ್ತಕದಲ್ಲಿ ಕೆಂಪಕ್ಷರದಲ್ಲಿ ಬರೆದಿದೆ. ನಾನು ಆಮೇಲೆ ಓದಿದೆ. ಮೋಟಾರ್ ಸುಟ್ಟುಹೋಗಿದೆ. ಈ ಗಾಡಿ ಮುಟ್ಟೋಕೆ ಬರೋ ಮೆಕ್ಯಾನಿಕ್ ಅಡಿಲೇಡಲ್ಲಿ ಇರೋದು. ಬಿಡಿಭಾಗ ಹೊರದೇಶದಿಂದ ಬರೋಕೆ ನಾಲ್ಕು ತಿಂಗಳು ಅಂದ. ಡಾರ್ಸಿ ಬಂದು ನನ್ನ ಮುಂದೆ ಹ್ಯಾಟ್ ತೆಗೆದು ನಿಂತ್ಕೊಂಡ, ಸಾವಿನ ಮನೆಗೆ ಬಂದೋನ ಥರ.

ಇನ್ನೊಂದು ಹೇಳಿಬಿಡ್ತೀನಿ. ಡಿಸೆಂಬರಲ್ಲೇ ಡಾರ್ಸಿ ತನ್ನ ಹಳೇ ಡೀಸೆಲ್ ಪಿಕಪ್ ತಗೋ ಅಂದಿದ್ದ. ಈ ರಸ್ತೆಗೆ ಇದು ಆಗಲ್ಲ ಸಿರಿಲ್ ಅಂದಿದ್ದ. ಬೇಡ ಅಂದೆ. ಅಕ್ಕ ಪ್ರೀತಿಯಿಂದ ಕೊಟ್ಟಿದ್ದನ್ನ ಶೆಡ್ಡಲ್ಲಿ ನಿಲ್ಸಿ ಇನ್ನೊಂದು ಓಡಿಸ್ದೆ ಅಂತ ನಿನಗೆ ಹೇಗೆ ಬರೀಲಿ ಅಂತ. ಜನವರಿಯಲ್ಲಿ ಅವನು ಅದನ್ನ ಮಾರಿಬಿಟ್ಟ.

ಈಗ ಊರೋರು ಸರದಿ ಹಾಕ್ಕೊಂಡಿದಾರೆ. ಸೋಮವಾರ ಡಾರ್ಸಿ, ಬುಧವಾರ ವ್ಯಾಲ್ ಪಬ್ ಮುಚ್ಚಿ ಬರ್ತಾಳೆ, ಶುಕ್ರವಾರ ಟಪಾಲಿನವನು. ಆರು ವಾರ ಆಯ್ತು. ಲೋರ್ನಾ ಮೂವತ್ತು ವರ್ಷ ಈ ಕಡೆ ಮಕ್ಕಳಿಗೆಲ್ಲ ರೇಡಿಯೋದಲ್ಲಿ ಪಾಠ ಹೇಳಿ, ಕತೆ ಓದಿ ಬೆಳೆಸಿದೋಳು. ಒಬ್ಬರ ಹತ್ರ ಒಂದು ಲೋಟ ಸಕ್ಕರೆ ಕೇಳಿದೋಳಲ್ಲ. ನಿನ್ನೆ ಟಪಾಲು ಗಾಡಿಯಿಂದ ಇಳಿದು ಒಳಗೆ ಬಂದು, ಚಪ್ಪಲಿ ಬಿಡದೇ ಕೂತು ಹೇಳಿದ್ಲು:

"ನಾನು ಪಾರ್ಸಲ್ ಅಲ್ಲ ಸಿರಿಲ್. ಈಸ್ಟರ್ ತನಕ ಹೋಗ್ತೀನಿ. ಈಸ್ಟರ್ ಸೋಮವಾರದಿಂದ ಹೋಗಲ್ಲ."

"ಹೋಗ್ದೇ ಇದ್ರೆ ಏನಾಗುತ್ತೆ ಅಂತ ಗೊತ್ತಲ್ವಾ?"

"ಡಾಕ್ಟರನ್ನ ಕೇಳ್ದೆ. ಒಂದು ವಾರ, ಹತ್ತು ದಿನ. ನೋವಿರಲ್ವಂತೆ."

ಕ್ಯಾಲೆಂಡರ್ ನೋಡ್ದೆ. ಈಸ್ಟರ್ ಸೋಮವಾರ ಏಪ್ರಿಲ್ ಒಂದು. ನನ್ನ ಮೂರ್ಖ ಮಾಡ್ತಿದಾಳೆ ಅಂದ್ಕೊಂಡೆ. ಅವಳ ಮುಖ ನೋಡ್ದೆ. ಅಲ್ಲ.

ಪೋರ್ಟಲ್ಲಿ ಬಾಡಿಗೆ ಮನೆ ಹುಡುಕಿದೀನಿ, ಗಣಿ ಕೆಲಸದವರು ಎಲ್ಲಾ ಹಿಡಿದಿದಾರೆ. ನನಗೆ ಏನು ಮಾಡ್ಬೇಕೋ ತೋಚ್ತಿಲ್ಲ. ಸೋಮವಾರ ಡಾರ್ಸಿ ಕೈಲಿ ಈ ಕಾಗದ ಕೊಟ್ಟು ಪೋರ್ಟಿಂದ ಎಕ್ಸ್‌ಪ್ರೆಸ್ ಹಾಕಿಸ್ತೀನಿ.

ಸಿರಿಲ್


ಹೋಬಾರ್ಟ್
21 ಮಾರ್ಚ್ 2024

ಸಿರಿಲ್,

ಅಕ್ಷರ ಬೇರೆ ಥರ ಇದೆ ಅಂತ ಗಾಬರಿ ಆಗ್ಬೇಡ. ಇದನ್ನ ಬರೀತಿರೋದು ಪಕ್ಕದ ಮನೆ ಮೊರಾಗ್. ನಾನು ಹೇಳ್ತಿದೀನಿ, ಅವಳು ಬರೀತಿದಾಳೆ. ನಿನ್ನ ಕಾಗದ ಓದಿ ಹೇಳಿದ್ದೂ ಅವಳೇ. ಮೊದಲ ಪುಟ ಕೇಳಿದಾಗಲೇ, ಇನ್ನೊಂದು ಸಲ ಓದು ಅಂದೆ. ಒಂದೂ ತಮಾಷೆ ಇರ್ಲಿಲ್ಲ ಅದರಲ್ಲಿ.

ಪಬ್ಬಿಗೆ ಫೋನ್ ಮಾಡಿಸ್ದೆ. "ವ್ಯಾಲ್ ಹಿಯರ್" ಅಂತ ಕೇಳಿಸ್ತು, ಆಮೇಲೆ ಬರೀ ಗಾಳಿ. ನಾಲ್ಕು ಸಲ.

ನನಗೆ ಕಣ್ಣು ಕಾಣಲ್ಲ ಕಣೋ. ಎರಡು ವರ್ಷದಿಂದ ಮಧ್ಯದಲ್ಲಿ ಒಂದು ಕಪ್ಪು ಚುಕ್ಕೆ, ಬೆಳೀತಾ ಬಂತು. ಅಂಚಲ್ಲಿ ಮಾತ್ರ ಕಾಣುತ್ತೆ. ನಿನ್ನನ್ನ ನೋಡ್ಬೇಕು ಅಂದ್ರೆ ನಿನ್ನ ಪಕ್ಕದೋರನ್ನ ನೋಡ್ಬೇಕು, ಹಾಗೆ. ಹೋದ ಸೆಪ್ಟೆಂಬರಲ್ಲಿ ಲೈಸೆನ್ಸ್ ಕಿತ್ಕೊಂಡ್ರು. ನೀಲಿ ಗಾಡಿ ಇಲ್ಲ. ಸಮುದ್ರಕ್ಕೆ ಹೋಗಿದ್ದು ಮೊರಾಗ್ ಜೊತೆ, ಬಸ್ಸಲ್ಲಿ. ಆ ಗಾಡಿ ಗ್ಯಾರೇಜಲ್ಲಿ ನಿಂತಿರೋದು ನನಗೆ ತಡ್ಕೊಳ್ಳೋಕಾಗ್ತಿರ್ಲಿಲ್ಲ. ದಿನಾ ಹೋಗಿ ಬಾಗಿಲು ತೆಗೆದು ಕೂತ್ಕೊಳ್ತಿದ್ದೆ. ಅದಕ್ಕೆ ನಿನಗೆ ಕಳಿಸ್ದೆ. ಪ್ರೀತಿ ಇತ್ತು, ಇಲ್ಲ ಅಂತಲ್ಲ. ಆದ್ರೆ ಅದು ನಿನ್ನ ರಸ್ತೆಗೆ ಆಗುತ್ತಾ ಅಂತ ನಾನು ಒಂದು ನಿಮಿಷ ಯೋಚ್ನೆ ಮಾಡ್ಲಿಲ್ಲ. ಆ ರಸ್ತೆಯಲ್ಲಿ ಹುಟ್ಟಿ ಬೆಳೆದೋಳು ನಾನು. ನಾಲ್ಕು ಕಿಲೋಮೀಟರ್ ಓಡಿಸಿ ನಿನಗೆ ನೂರ ತೊಂಬತ್ತರ ಉಪದೇಶ ಕೊಟ್ಟೆ.

ನಿನ್ನ ಇರುವೆ ಸಾಲು ನನಗೆ ಓದೋಕಾಗ್ತಿರ್ಲಿಲ್ಲ. ಭೂತಗನ್ನಡಿ ಹಿಡಿದು ಅಲ್ಲೊಂದು ಇಲ್ಲೊಂದು ಪದ ಹೆಕ್ಕಿ, ಉಳಿದದ್ದು ಊಹೆ ಮಾಡ್ತಿದ್ದೆ. ಗಿಳಿ ಸಿಕ್ತು, ಡೀಸೆಲ್ ಸಿಕ್ತು. ಅಂಚಲ್ಲಿ ಬರೆದದ್ದು ಸಿಗ್ಲಿಲ್ಲ. ಮೊರಾಗ್ ಈಗ ಅದನ್ನೂ ತೆಗೆದು ಓದಿದ್ಲು. ನಾನು ಪಿಕ್ನಿಕ್ ಅಂತ ಬರೆದೆ. ಲೋರ್ನಾ ಅದನ್ನ ಓದಿದ್ಲಾ?

(ಬರೆಯೋಳ ಮಾತು: ನಿಮ್ಮಕ್ಕ ಇಲ್ಲಿ ಎದ್ದು ಅಡುಗೆಮನೆಗೆ ಹೋದ್ರು. ಈಗ ಬಂದ್ರು. ಮುಂದುವರಿಸ್ತೀನಿ. ಮೊರಾಗ್.)

ಗಾಡಿ ಹಾಳಾಯ್ತು ಅಂತ ಇನ್ನೊಂದು ಸಲ ಬರೆದ್ರೆ ನೋಡು. ಡಾರ್ಸಿಗೂ ಹೇಳು, ಹ್ಯಾಟ್ ಹಾಕ್ಕೊಳ್ಳೋಕೆ.

ಈಗ ಕೇಳು. ನನ್ನ ಮನೆಯಲ್ಲಿ ಎರಡು ಕೋಣೆ ಖಾಲಿ ಇದೆ. ಡಯಾಲಿಸಿಸ್ ಮಾಡೋ ಆಸ್ಪತ್ರೆ ಇಲ್ಲಿಂದ ನಾಲ್ಕು ಕಿಲೋಮೀಟರ್. ಬಸ್ಸು ಗೇಟ್ ಮುಂದೆ ನಿಲ್ಲುತ್ತೆ, ಇಪ್ಪತ್ತು ನಿಮಿಷಕ್ಕೊಂದು. ಲೋರ್ನಾ ಯಾರ ಸರದಿನೂ ಕಾಯ್ಬೇಕಾಗಿಲ್ಲ. ನವೆಂಬರಲ್ಲೇ ನಿನಗೆ ನಿಜ ಬರೆದಿದ್ರೆ ನವೆಂಬರಲ್ಲೇ ಇದನ್ನೂ ಬರೆದಿರ್ತಿದ್ದೆ. ಈಗ ಏಪ್ರಿಲ್ ಒಂದಕ್ಕೆ ಹನ್ನೊಂದು ದಿನ ಇದೆ.

ಅವಳಿಗೆ ಓದಿ ಹೇಳು. ಪೂರ್ತಿ ಓದು. ನಿನಗೆ ಬೇಕಾದ್ದು ಮಾತ್ರ ಓದ್ಬೇಡ.

ಎನಿಡ್


ಕ್ವಾಂಡಾಂಗ್ ಬೋರ್
2 ಏಪ್ರಿಲ್ 2024, ಮಂಗಳವಾರ

ಎನಿಡ್ ಅಕ್ಕ, ಮತ್ತೆ ಇದನ್ನ ಓದಿ ಹೇಳ್ತಿರೋ ಮೊರಾಗ್ ಅವರೇ,

ಇದನ್ನ ಗಟ್ಟಿಯಾಗಿ ಓದಿ, ನಮ್ಮಕ್ಕನ ಕಿವಿನೂ ಕಣ್ಣಿನ ಥರಾನೇ.

ನಿನ್ನ ಕಾಗದ ಹೋದ ಮಂಗಳವಾರ ಬಂತು. ಪೂರ್ತಿ ಓದಿದೆ, ಲೋರ್ನಾ ಮುಂದೆ ಕೂತು, ಮೊರಾಗ್ ಕಂಸದಲ್ಲಿ ಬರೆದದ್ದನ್ನೂ ಬಿಡದೇ. ಅವಳು ಎದ್ದು ಹೋಗಿ ಗುಲಾಬಿ ಗಿಡಕ್ಕೆ ಪಾತ್ರೆ ತೊಳೆದ ನೀರು ಹಾಕಿದ್ಲು. ಬುಧವಾರ ವ್ಯಾಲ್ ಜೊತೆ ಹೋಗಿ ಬಂದ್ಲು. ಶುಕ್ರವಾರ ಟಪಾಲು ರಜ, ಡಾರ್ಸಿ ಕರ್ಕೊಂಡು ಹೋದ. ಹೋಬಾರ್ಟ್ ಬಗ್ಗೆ ಮಾತಿಲ್ಲ. ನಾನು ಬಾಯಿ ತೆರೆದ್ರೆ ಏನಾದ್ರೂ ತಮಾಷೆ ಬಿದ್ದುಹೋಗುತ್ತೆ ಅಂತ ಹಲ್ಲು ಕಚ್ಕೊಂಡು ಓಡಾಡಿದೆ. ಭಾನುವಾರ ಈಸ್ಟರ್ ಊಟಕ್ಕೆ ಕುರಿ ಬೇಯಿಸಿದ್ಲು, ಡಾರ್ಸಿ, ವ್ಯಾಲ್ ಎಲ್ಲಾ ಬಂದಿದ್ರು. ಅರ್ಧಕ್ಕರ್ಧ ಊರಿನ ಎರಡು ನಾಯಿಗಳಿಗೆ ಹೋಯ್ತು. ಎಲ್ಲರಿಗೂ ಗೊತ್ತಿತ್ತು ನಾಳೆ ಏನು ಅಂತ.

ಸೋಮವಾರ ಬೆಳಿಗ್ಗೆ ಎಚ್ಚರ ಆದಾಗ ಪಕ್ಕದಲ್ಲಿ ಅವಳಿಲ್ಲ. ಮನೆಯೆಲ್ಲ ಹುಡುಕ್ದೆ. ಶೆಡ್ ನೋಡ್ದೆ. ಬರಿಗಾಲಲ್ಲಿ ಪಬ್ಬಿನ ತನಕ ಓಡಿದೆ. ಬಾಗಿಲಲ್ಲಿ ವ್ಯಾಲ್ ನಿಂತು ಹಲಗೆ ತೋರಿಸಿದ್ಲು. ಅದರ ಮೇಲೆ ಲೋರ್ನಾ ಕೈಬರಹ, ಗುಂಡಗೆ, ಮಕ್ಕಳಿಗೆ ಬರೆದ ಹಾಗೆ: "ಲೋರ್ನಾ, ಡಾರ್ಸಿ ಜೊತೆ, ಐದೂವರೆಗೆ ಹೊರಟೆ, ಎಂಟಕ್ಕೆ ತಲುಪ್ತೀನಿ. ಸಿರಿಲ್‌ಗೆ ಹೇಳ್ಬೇಡಿ, ಏಪ್ರಿಲ್ ಒಂದು."

ಐವತ್ತು ವರ್ಷ ನಾನು ಊರಿಗೆಲ್ಲ ಮಾಡಿದ್ದನ್ನ ಒಂದೇ ಬೆಳಿಗ್ಗೆ ವಾಪಸ್ ಕೊಟ್ಟುಬಿಟ್ಲು. ವ್ಯಾಲ್ ನಗ್ತಾ ಇದ್ಲು. ನಾನು ಮೆಟ್ಟಿಲ ಮೇಲೆ ಕೂತು ಅತ್ತೆ. ಎಂಟಕ್ಕೆ ಹತ್ತು ನಿಮಿಷ ಇದ್ದಾಗ ಫೋನ್ ಬಂತು. ವ್ಯಾಲ್ ಡಸ್ಟರ್ ನನ್ನ ಕೈಗೆ ಕೊಟ್ಲು. ನಾನೇ ಅಳಿಸ್ದೆ.

ಸಂಜೆ ಬಂದ ಮೇಲೆ ಕೇಳ್ದೆ, "ಯಾಕೆ ಮನಸ್ಸು ಬದಲಾಯ್ತು?"

"ಬದಲಾಗಿಲ್ಲ. ಪಾರ್ಸಲ್ ಆಗಿ ಹೋಗಲ್ಲ ಅಂದಿದ್ದೆ, ಅದು ಹಾಗೇ ಇದೆ."

"ಮತ್ತೆ?"

"ಎನಿಡ್‌ಗೆ ಯಾರು ಓದಿ ಹೇಳ್ತಾರೆ? ಮೊರಾಗ್‌ಗೆ ಅವಳ ಮನೆ ಕೆಲಸ ಇಲ್ವಾ? ಮಕ್ಕಳಿಗೆ ಮೂವತ್ತು ವರ್ಷ ಓದಿದೀನಿ. ಒಬ್ಬಳು ಹಠಮಾರಿ ಮುದುಕಿಗೆ ಓದೋಕಾಗಲ್ವಾ ನನಗೆ?"

ನರ್ಸ್ ಹೋಬಾರ್ಟ್ ಆಸ್ಪತ್ರೆಗೆ ಬರೆದಿದಾಳೆ, ಏಪ್ರಿಲ್ 22ರಿಂದ ಲೋರ್ನಾಗೆ ಅಲ್ಲಿ ಜಾಗ ಇದೆಯಂತೆ. 19ನೇ ತಾರೀಕು ಪೋರ್ಟಲ್ಲಿ ಡಯಾಲಿಸಿಸ್ ಮುಗಿಸಿ ಅಲ್ಲಿಂದ್ಲೇ ಹೊರಡ್ತೀವಿ, 20ಕ್ಕೆ ವಿಮಾನ. ಮನೆ ಬೀಗದ ಕೈ ವ್ಯಾಲ್ ಹತ್ರ. ಹೊರಡೋವಾಗ ಹಲಗೆ ಮೇಲೆ ಬರೀತೀನಿ, ತಲುಪೋ ಜಾಗ ಅಕ್ಕನ ಮನೆ ಅಂತ. ತಲುಪಿದ್ರು ಅಂತ ಫೋನ್ ಮಾಡ್ಬೇಕಾದೋಳು ನೀನು. ನೀನು ಮಾಡೋ ತನಕ ವ್ಯಾಲ್ ಅಳಿಸಲ್ಲ. ಎಲ್ಲರೂ ಕಾಯ್ತಿರ್ತಾರೆ, ಮರೀಬೇಡ.

ನಿನ್ನ ಗಾಡಿ ಡಾರ್ಸಿ ಶೆಡ್ಡಲ್ಲಿದೆ. ಕಿಟಕಿ ಇಳಿಸೇ ಇತ್ತಲ್ಲ, ಅವನ ಕೋಳಿಗಳು ಹಿಂದಿನ ಸೀಟು ಹಿಡ್ಕೊಂಡಿವೆ. ಆ ಲಾರಿ ಡ್ರೈವರ್‌ಗಳು ಸಿಕ್ಕಿದ್ರೆ ಹೇಳ್ತೀನಿ, ಕೊನೆಗೂ ಮೊಟ್ಟೆ ಇಟ್ಟಿತು ಅಂತ. ಬೆಳಿಗ್ಗೆ ನಾಲ್ಕು ಸಿಕ್ತು.

ಲೋರ್ನಾ ನಿನ್ನ ದಪ್ಪ ಪೆನ್ನಿನಂಥದ್ದೇ ಒಂದನ್ನ ಪೋರ್ಟಿಂದ ತಂದಿದಾಳೆ. ಮುಂದಿನ ಪುಟ ಅವಳದ್ದು. ಮೊರಾಗ್ ಅವರೇ, ನೀವು ಓದ್ಬೇಡಿ. ಅಕ್ಕನ ಕೈಗೆ ಕೊಟ್ಟು ಕಿಟಕಿ ಹತ್ರ ನಿಲ್ಸಿ.

ಸಿರಿಲ್


ಎನಿಡ್,

ಇದನ್ನ

ನೀನೇ ಓದು.

ಬರ್ತಿದೀನಿ.

ಲೋರ್ನಾ